ಇಲ್ಲದ ಅಟ್ಟಕ್ಕೆ ನನ್ನನ್ನ ಹತ್ತಿಸಿದ್ರು: ಹಿಪ್ನೋಥೆರಪಿಗೆ ದುಡ್ಡು ಕಟ್ಟೋ ಮುಂಚೆ ಓದಿ

ಮೊದಲೇ ಹೇಳ್ಬಿಡ್ತೀನಿ, ನಾನು ಬ್ಯಾಂಕಲ್ಲಿ ಕೆಲಸ ಮಾಡೋಳು. ದಿನಾ ಕೌಂಟರಲ್ಲಿ ಕೂತು "ಓಟಿಪಿ ಯಾರಿಗೂ ಹೇಳ್ಬೇಡಿ ಅಜ್ಜಿ, ಆ ಲಿಂಕ್ ಒತ್ತಬೇಡಿ ಸಾರ್" ಅಂತ ಊರಿಗೆಲ್ಲ ಬುದ್ಧಿ ಹೇಳೋಳು. ಅಂಥವಳು ಒಂದು ಹಿಪ್ನೋಥೆರಪಿ ಸೆಂಟರಿಗೆ, ಅಂದ್ರೆ ಕಣ್ಣು ಮುಚ್ಚಿಸಿ ಮಂಪರಿನಂಥ ಸ್ಥಿತಿಗೆ ಕರ್ಕೊಂಡು ಹೋಗಿ ಮನಸ್ಸಿನ ನೋವು ವಾಸಿ ಮಾಡ್ತೀವಿ ಅನ್ನೋ ಕಡೆಗೆ, 37,499 ರೂಪಾಯಿ ಕಟ್ಟಿ ಕಳ್ಕೊಂಡೆ. ದುಡ್ಡು ಹಾಳಾಗಿ ಹೋಗ್ಲಿ, ನನ್ನ ಚಿಕ್ಕಪ್ಪನ ಮುಖ ನೋಡೋಕಾಗದ ಹಾಗೆ ಮಾಡ್ಕೊಂಡೆ. ಆರು ತಿಂಗಳಿಂದ ಇದನ್ನ ಬರೆಯೋದು, ಅಳಿಸೋದು. ನಾಚಿಕೆ, ಮತ್ತೇನಲ್ಲ. ಮೊನ್ನೆ ನಮ್ಮ ಬ್ರಾಂಚಿನ ಹೊಸ ಹುಡುಗಿ ಅದೇ ಸೆಂಟರಿನ ರೀಲ್ ತೋರಿಸಿ "ಇಲ್ಲಿಗೆ ಹೋಗ್ಲಾ ಅಕ್ಕ?" ಅಂತ ಕೇಳಿದ್ಲು. ಸಾಕು. ಇನ್ನು ಸುಮ್ನಿರಲ್ಲ.

ಹೆಸರು ಹಾಕಲ್ಲ. ಹಾಕಿದ್ರೆ ಲಾಯರ್ ನೋಟಿಸ್ ಅಂತ ಈಗಾಗ್ಲೇ ಹೇಳಿದ್ದಾರೆ.

2022ರ ನವೆಂಬರ್. ಮೈಸೂರು ರಸ್ತೆ, ಕೆಂಗೇರಿ ದಾಟಿ. ತಮ್ಮನ ಬೈಕು, ನಾನು ಹಿಂದೆ. ನನಗೆ ಭುಜದ ಮೂಳೆ ಮುರೀತು. ಅವನು ಉಳೀಲಿಲ್ಲ. ಭಾನುವಾರ ಮಲಗಿದ್ದವನನ್ನ ಡ್ರಾಪ್ ಮಾಡು ಬಾ ಅಂತ ಎಬ್ಬಿಸಿದ್ದು ನಾನೇ. ಇದಕ್ಕಿಂತ ಹೆಚ್ಚು ಬರೆಯೋಕೆ ನನ್ನ ಕೈಲಿ ಆಗಲ್ಲ.

ಅವತ್ತಿಂದ ರಾತ್ರಿ ಮೂರು ಗಂಟೆಗೆ ಎಚ್ಚರ ಆದ್ರೆ ಮತ್ತೆ ನಿದ್ದೆ ಇಲ್ಲ. ಲಾರಿಯ ಏರ್ ಹಾರ್ನ್ ಕೇಳಿದ್ರೆ ಕೈ ನಡುಗತ್ತೆ, ಕೈಲಿರೋ ಕ್ಯಾಶ್ ಎರಡೆರಡು ಸಲ ಎಣಿಸಬೇಕು. ನೆಂಟರದ್ದು ಗೊತ್ತಲ್ಲ, ಭುಜ ಸರಿಹೋಯ್ತಲ್ಲ ಇನ್ನೇನು, ಧರ್ಮಸ್ಥಳಕ್ಕೆ ಹೋಗ್ಬಾ, ಒಂದು ತಾಯತ ಕಟ್ಟಿಸ್ಕೋ. ನಮ್ಮನೆಯವರು ಒಂದು ಸಲ ನಿಮ್ಹಾನ್ಸ್‌ಗೆ ಹೋಗೋಣ ಅಂದಿದ್ರು. ಅತ್ತೆ "ಹುಚ್ಚಾಸ್ಪತ್ರೆಗಾ?" ಅಂದಿದ್ದೇ ತಡ ಮಾತು ಅಲ್ಲಿಗೇ ನಿಂತುಹೋಯ್ತು. ಸುಳ್ಳು ಯಾಕೆ ಹೇಳ್ಲಿ, ನನಗೂ ಒಳಗೊಳಗೆ ಹಾಗೇ ಅನ್ನಿಸಿತ್ತು. ಈ ಸೆಂಟರಿನ ರೀಲಲ್ಲಿ ಕಾಯಿಲೆ ಅನ್ನೋ ಮಾತೇ ಇರ್ಲಿಲ್ಲ. ಹೀಲಿಂಗ್, ಇನ್ನರ್ ಚೈಲ್ಡ್ (ನಮ್ಮೊಳಗಿನ ಮಗು), ಮೂರೇ ಸಿಟ್ಟಿಂಗಲ್ಲಿ ಟ್ರಾಮಾ ರಿಲೀಸ್, ಅಂದ್ರೆ ಹಳೇ ಆಘಾತದಿಂದ ಬಿಡುಗಡೆ. ಯಾರೂ ಹುಚ್ಚಿ ಅನ್ನಲ್ಲ ಅಂತ ಹೋದೆ.

ವಿಜಯನಗರದ ಕಡೆ, ಕೆಳಗೆ ಬೇಕರಿ, ಮೇಲೆ ಇವರು. ಉಪ್ಪಿನ ದೀಪ, ಪುಟ್ಟ ಕಾರಂಜಿ, ಬುದ್ಧನ ತಲೆ. ಗೋಡೆ ತುಂಬ ಸರ್ಟಿಫಿಕೇಟು: ಮಾಸ್ಟರ್ ಹಿಪ್ನೋಥೆರಪಿಸ್ಟ್, ರೇಕಿ ಗ್ರಾಂಡ್ ಮಾಸ್ಟರ್, ಪಾಸ್ಟ್ ಲೈಫ್ ರಿಗ್ರೆಷನ್ (ಹಿಂದಿನ ಜನ್ಮಕ್ಕೆ ಕರ್ಕೊಂಡು ಹೋಗೋದಂತೆ). ದಿನಾ ನೂರಾರು ಜನರ ಕೆವೈಸಿ ಪತ್ರ ತಿರುವಿ ಹಾಕೋ ನಾನು ಆ ಗೋಡೆ ಮೇಲಿನ ಒಂದನ್ನೂ ನೆಟ್ಟಗೆ ಓದ್ಲಿಲ್ಲ. ಒಳ್ಳೆ ಕಡೆ ಹೋದ್ರೆ ಮೊದಲ ದಿನ ಏನೇನು ಕೇಳ್ತಾರೆ ಅಂತ ನಿಮಗೆ ಗೊತ್ತಿರತ್ತೆ: ಎಷ್ಟು ದಿನದಿಂದ, ನಿದ್ದೆ ಹೇಗೆ, ಯಾವ ಮಾತ್ರೆ, ಸಾಯೋ ಯೋಚನೆ ಏನಾದ್ರೂ ಬರತ್ತಾ. ಇಲ್ಲಿ ಸಿಟ್ಟಿಂಗ್ ಮಾಡಿಸೋ ಈಯಮ್ಮ ಕೇಳಿದ್ದು ನನ್ನ ಹುಟ್ಟಿದ ನಕ್ಷತ್ರ. ಅಲ್ಲೇ ಎದ್ದು ಬರಬೇಕಿತ್ತು.

ಬರಲಿಲ್ಲ. ಯಾಕಂದ್ರೆ 1,499ರ ಮೊದಲ ಸಿಟ್ಟಿಂಗ್ ನಿಜವಾಗ್ಲೂ ಚೆನ್ನಾಗಿತ್ತು. ಉಸಿರಾಟ, ಮೆತ್ತಗಿನ ದನಿ, ಹತ್ತು ಮೆಟ್ಟಿಲು ಇಳೀತಿದ್ದೀರಿ ಅನ್ನೋದು. ಅವತ್ತು ರಾತ್ರಿ ಬೆಳಗಿನ ತನಕ ನಿದ್ದೆ ಮಾಡಿದೆ, ಎಷ್ಟೋ ತಿಂಗಳಾದ ಮೇಲೆ. ಅಲ್ಲೇ ಬಿದ್ದೆ. ಎಂಟು ಸಿಟ್ಟಿಂಗಿನ ಪ್ಯಾಕೇಜ್ 42,000, "ಇವತ್ತೇ ಕಟ್ಟಿದ್ರೆ 36,000 ಮಾ". ಅಲ್ಲೇ ಕೂತು ಯುಪಿಐ ಮಾಡಿದೆ. ಅವರ ಸ್ವಂತ ನಂಬರಿಗೆ. ಬಿಲ್ ಇಲ್ಲ. ಬ್ಯಾಂಕಿನವಳು ನಾನು, ಬಿಲ್ ಕೇಳ್ಲಿಲ್ಲ!

ನಾಲ್ಕನೇ ಸಿಟ್ಟಿಂಗಲ್ಲಿ ಆಗಿದ್ದು ಇದು. ನೆನಪಿದ್ದ ಹಾಗೇ ಬರೀತೀನಿ.

"ಮೆಟ್ಟಿಲು ಇಳಿದ್ರಾ? ಅಲ್ಲಿ ಒಬ್ಬಳು ಚಿಕ್ಕ ಹುಡುಗಿ ಇದ್ದಾಳೆ. ಕತ್ತಲೆ ಇದೆಯಾ?"

ಇದೆ ಅಂದೆ. ಕಣ್ಣು ಮುಚ್ಚಿದ್ರೆ ಮತ್ತೇನಿರತ್ತೆ.

"ಎತ್ತರದ ಜಾಗಾನಾ? ಏಣಿ ಕಾಣ್ತಿದೆಯಾ? ಹಳೇ ಮನೆ ಅಲ್ವಾ, ಅಟ್ಟ ಇರಬೇಕು. ಅವಳನ್ನ ಯಾರೋ ಅಲ್ಲಿ ಕೂಡಿ ಹಾಕಿದ್ದಾರೆ. ಗಂಡಸು. ಅಪ್ಪ ಅಲ್ಲ, ಅಪ್ಪನ ಹಾಗಿರೋರು. ಯಾರು ಹೇಳಿ, ಭಯ ಬೇಡ, ಹೇಳಿ."

ಚಿಕ್ಕಪ್ಪ ಅಂದೆ. ನಾನೇ ಅಂದಿದ್ದು. ಅವರಲ್ಲ, ನಾನೇ. ಏಣಿ ಕಾಣ್ತು, ಈರುಳ್ಳಿ ವಾಸನೆ ಬಂತು, ಕೆಳಗಿಂದ ಚಿಲಕ ಹಾಕಿದ ಸದ್ದೂ ಕೇಳ್ತು. ಒಂದು ಗಂಟೆ ಬಿಕ್ಕಿ ಬಿಕ್ಕಿ ಅತ್ತೆ. ಎದ್ದ ಮೇಲೆ ಅವರು ನೀರು ಕೊಟ್ಟು, ತಲೆ ಸವರಿ "ಸಿಕ್ತಲ್ಲ ಬಂಗಾರ, ಬೇರು ಸಿಕ್ತು. ಆಕ್ಸಿಡೆಂಟ್ ಬರೀ ಟ್ರಿಗರ್" ಅಂದ್ರು. ನನಗೆ ಆಗ ಏನನ್ನಿಸ್ತು ಗೊತ್ತಾ? ನಿರಾಳ. ಹಾಗಾದ್ರೆ ತಮ್ಮನನ್ನ ಎಬ್ಬಿಸಿದ್ದು ಅಲ್ಲ ಕಾರಣ, ನನ್ನ ತಪ್ಪಲ್ಲ, ಚಿಕ್ಕಪ್ಪಂದು. ಮೋಸ ಹೋಗಿದ್ದು ದಡ್ಡತನಕ್ಕಲ್ಲ, ಈ ನಿರಾಳಕ್ಕೆ.

ರಾತ್ರಿ ಹತ್ತು ಗಂಟೆಗೆ ಅಮ್ಮನಿಗೆ ಫೋನ್ ಮಾಡಿದೆ. ಹಲೋ ಅಂದಿದ್ದೇ ತಡ ಎಲ್ಲ ಕಕ್ಕಿಬಿಟ್ಟೆ. ಚಿಕ್ಕಪ್ಪ ನನ್ನನ್ನ ಅಟ್ಟಕ್ಕೆ ಹಾಕ್ತಿದ್ರು, ನಿನಗೆ ಗೊತ್ತಿದ್ದೂ ಸುಮ್ನಿದ್ದೆ, ಇನ್ನೂ ಏನೇನೋ. ಅಮ್ಮನಿಗೆ ಈಗೀಗ ಕಿವಿ ಮಂದ, ಫೋನ್ ಸ್ಪೀಕರಲ್ಲೇ ಇಟ್ಕೊಳ್ಳೋದು. ಚಿಕ್ಕಪ್ಪ ಅಲ್ಲೇ ಊಟಕ್ಕೆ ಕೂತಿದ್ರು.

ಅಪ್ಪ ಹೋದ ಮೇಲೆ ನನ್ನ ಬಿ.ಕಾಂ. ಫೀಸು ಕಟ್ಟಿದ ಚಿಕ್ಕಪ್ಪ. ತಮ್ಮನಿಗೆ ಹೆಗಲು ಕೊಟ್ಟ ಚಿಕ್ಕಪ್ಪ.

ಅಮ್ಮ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ, ಸಿಟ್ಟಿಲ್ಲ ಏನಿಲ್ಲ, ಅರ್ಥ ಆಗದೆ ಕೇಳಿದ್ರು. "ಅಟ್ಟಾನಾ? ಯಾವ ಅಟ್ಟನೇ? ಅರಸೀಕೆರೇಲಿ ನಾವಿದ್ದಿದ್ದು ಕೆಇಬಿ ಕ್ವಾರ್ಟರ್ಸು. ಆರ್‌ಸಿಸಿ ಮನೆ. ಪಾತ್ರೆ ಇಡೋಕೆ ಒಂದು ಸಜ್ಜ ಇತ್ತು. ಅಟ್ಟ ಎಲ್ಲಿತ್ತು?"

ಎಲ್ಲಿತ್ತು? ಎರಡು ರೂಮು, ತಾರಸಿಗೆ ಹೊರಗಿನ ಮೆಟ್ಟಿಲು. ಹುಟ್ಟಿದಾಗಿಂದ ಹದಿನಾರು ವರ್ಷ ನಾನಿದ್ದ ಮನೆ ಅದು. ಅಟ್ಟ ಇರ್ಲೇ ಇಲ್ಲ. ಆ ಏಣಿ, ಆ ಈರುಳ್ಳಿ ಎಲ್ಲಿದು ಅಂತ ಎರಡು ದಿನ ಆದ್ಮೇಲೆ ಹೊಳೀತು: ಸಕಲೇಶಪುರದ ಗೆಳತಿ ಮದುವೆಗೆ ಹೋದಾಗ ಅವರ ಮನೇಲಿ ನೋಡಿದ್ದು. ಆಗ ನನಗೆ 24.

ಫೋನ್ ಇಡೋ ಮುಂಚೆ ಚಿಕ್ಕಪ್ಪನ ದನಿ ಬಂತು. "ಊಟ ಆಯ್ತೇನಮ್ಮ ನಿಂದು?" ಅಷ್ಟೇ ಕೇಳಿದ್ದು.

ಈಗ ಸೆಂಟರಿನ ಉತ್ತರಗಳು. ನನ್ನ ಹತ್ರ ಎಲ್ಲದರ ಸ್ಕ್ರೀನ್‌ಶಾಟ್ ಇದೆ. ಮನೇಲಿ ಅಟ್ಟಾನೇ ಇರ್ಲಿಲ್ಲ ಮೇಡಂ ಅಂತ ಬೆಳಿಗ್ಗೇನೇ ಬರೆದೆ. "ನಿಮ್ಮ ತಾಯಿ ಡಿನಯಲ್‌ನಲ್ಲಿದ್ದಾರೆ ಮಾ." ಇಲ್ಲ ಮೇಡಂ, ಅದು ಸರ್ಕಾರಿ ಕ್ವಾರ್ಟರ್ಸು. ಒಂದು ಗಂಟೆ ಬಿಟ್ಟು ಬಂತು ನೋಡಿ ಉತ್ತರ: "ಹಾಗಾದರೆ ಅದು ಹಿಂದಿನ ಜನ್ಮದ ಅಟ್ಟ. ಅದಕ್ಕೆ ಬೇರೆ ಪ್ಯಾಕೇಜ್ ಇದೆ." 15,000 ಅಂತೆ! ನಗಬೇಕಾ ಅಳಬೇಕಾ.

ಬಾಕಿ ಸಿಟ್ಟಿಂಗಿನ ದುಡ್ಡು ವಾಪಸ್ ಕೊಡಿ ಅಂದೆ. "ನಿಮ್ಮ ಸಬ್‌ಕಾನ್ಶಿಯಸ್ ರೆಸಿಸ್ಟ್ ಮಾಡ್ತಿದೆ." ಮತ್ತೆ ಕೇಳಿದೆ. "ನಿಮಗೆ ದುಡ್ಡಿನ ಬ್ಲಾಕ್ ಇದೆ, ಅದಕ್ಕೂ ಒಂದು ಸೆಷನ್ ಮಾಡೋಣ." ಮತ್ತೆ ಕೇಳಿದೆ. "ಅದು ಫೀಸ್ ಅಲ್ಲ ಮಾ, ಎನರ್ಜಿ ಎಕ್ಸ್‌ಚೇಂಜ್." ಬಿಲ್ ಯಾಕೆ ಕೊಡಲ್ಲ ಅಂತ ಅವತ್ತು ಗೊತ್ತಾಯ್ತು.

ಆಮೇಲೆ ಬಂದ ಮೆಸೇಜ್ ಮಾತ್ರ ನಾನು ಸಾಯೋ ತನಕ ಮರೆಯಲ್ಲ. "ನಿಮ್ಮ ತಮ್ಮನ ಆತ್ಮ ನನ್ನ ಧ್ಯಾನದಲ್ಲಿ ಬಂದಿತ್ತು. ಅಕ್ಕಾ ಅಕ್ಕಾ ಅಂತ ಕರೀತಿದ್ದಾರೆ. 11,000ಕ್ಕೆ ಮಾತಾಡಿಸ್ತೀನಿ."

ನಮಗೆ ಒಂದೂವರೆ ವರ್ಷ ಅಂತರ. ಅವನು ಒಂದೇ ಒಂದು ದಿನ ನನ್ನನ್ನ ಅಕ್ಕ ಅಂದವನಲ್ಲ. ಪಾಪು ಅಂತಿದ್ದ, ಮನೇಲಿ ಎಲ್ಲರ ಹಾಗೆ.

ಕನ್ಸ್ಯೂಮರ್ ಕೋರ್ಟಿಗೆ ಹೋಗ್ತೀನಿ ಅಂದೆ. ಕೈಮುಗಿಯೋ ಎಮೋಜಿ ಹಾಕಿ ಬರೆದ್ರು: "ನಿಮ್ಮ ಸೆಷನ್‌ಗಳ ರೆಕಾರ್ಡಿಂಗ್ ನಮ್ಮ ಹತ್ರ ಸೇಫಾಗಿದೆ ಮಾ. ನಿಮ್ಮ ಫ್ಯಾಮಿಲಿ ಪ್ರೈವಸಿ ನಮಗೂ ಮುಖ್ಯ." ರೆಕಾರ್ಡ್ ಮಾಡ್ತೀವಿ ಅಂತ ನನ್ನನ್ನ ಯಾರೂ ಕೇಳಿರ್ಲಿಲ್ಲ. ಇದನ್ನ ಓದಿ ಹೆದರಿ ಎರಡು ತಿಂಗಳು ಬಾಯಿ ಮುಚ್ಕೊಂಡಿದ್ದೆ, ಅದೂ ನಿಜ.

ಕೊನೆಗೆ ಅತ್ತೆ ಏನಾದ್ರೂ ಅನ್ನಲಿ ಅಂತ ನಿಮ್ಹಾನ್ಸ್‌ಗೇ ಹೋದೆ. ಅಲ್ಲಿ ಸೈಕಾಲಜಿಸ್ಟ್ ನಗಲಿಲ್ಲ, ಬೈಯಲಿಲ್ಲ. ಹಿಪ್ನೋಸಿಸ್ ಅನ್ನೋದೇ ಸುಳ್ಳಲ್ಲ, ತರಬೇತಿ ಆದವರು ನೋವಿಗೆ, ಆತಂಕಕ್ಕೆ ಬೇರೆ ಚಿಕಿತ್ಸೆ ಜೊತೆಗೆ ಬಳಸ್ತಾರೆ ಅಂದ್ರು. ಅದರಲ್ಲಿ ಬೇರೆಯವರು ಹೇಳಿದ್ದನ್ನ ಮನಸ್ಸು ಬೇಗ ಒಪ್ಪತ್ತೆ, ಅದಕ್ಕೇ ಅದನ್ನ ಮರೆತ ನೆನಪು ಕೆದಕೋಕೆ ಬಳಸಿದ್ರೆ ಅಪಾಯ. ಬರೋದು ನೆನಪಾ ಕಲ್ಪನೇನಾ ಅಂತ ಬಂದವರಿಗೇ ಗೊತ್ತಾಗಲ್ಲ, ಆದ್ರೆ ನಂಬಿಕೆ ಮಾತ್ರ ಗಟ್ಟಿಯಾಗತ್ತೆ. ಮನೆಗೆ ಬಂದು ರಾತ್ರಿಯೆಲ್ಲ ಕೂತು ಓದಿದೆ. ಅಮೆರಿಕದ ವೈದ್ಯರ ಸಂಘ 1985ರಲ್ಲೇ ಇದನ್ನ ಹೇಳಿದೆ. 1995ರಲ್ಲಿ ಎಲಿಜಬೆತ್ ಲಾಫ್ಟಸ್ ಅನ್ನೋ ಮನೋವಿಜ್ಞಾನಿ 24 ಜನರಿಗೆ, ಚಿಕ್ಕವರಿದ್ದಾಗ ನೀವು ಶಾಪಿಂಗ್ ಮಾಲಲ್ಲಿ ಕಳೆದುಹೋಗಿದ್ರಿ ಅನ್ನೋ ಸುಳ್ಳು ಕಥೆ ಕೊಟ್ರೆ ಹೆಚ್ಚುಕಮ್ಮಿ ಕಾಲು ಭಾಗ ಜನ ನೆನಪಿದೆ ಅಂದ್ರಂತೆ. ಅವರಿಗೆ ಮಾಲು, ನನಗೆ ಅಟ್ಟ. ಅವರೇನೂ 36,000 ಕಟ್ಟಿರ್ಲಿಲ್ಲ, ಅಷ್ಟೇ ವ್ಯತ್ಯಾಸ.

ಈಗ ಟ್ರಾಮಾ ಫೋಕಸ್ಡ್ ಸಿಬಿಟಿ ಅಂತ ನಡೀತಿದೆ, ಆಘಾತದ ಸುತ್ತ ಬೆಳೆದ ಯೋಚನೆ, ನಡವಳಿಕೆಯನ್ನ ಮಾತಾಡ್ತಾ ತಿದ್ದೋ ಚಿಕಿತ್ಸೆ. ಇಎಂಡಿಆರ್ ಅಂತ ಇನ್ನೊಂದಿದೆ, ಕಣ್ಣನ್ನ ಅತ್ತಿತ್ತ ಆಡಿಸ್ತಾ ಮಾಡೋದು. ಇಂಥ ಆಘಾತಕ್ಕೆ ಇವೆರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಹೇಳಿದೆ. ನಿಧಾನ. ಮಜಾ ಏನಿಲ್ಲ, ಉಪ್ಪಿನ ದೀಪ ಇಲ್ಲ. ಅಟ್ಟ ಹುಡುಕೋದಿಲ್ಲ, ನಿಜವಾಗಿ ಆಗಿದ್ದನ್ನೇ, ಆ ಭಾನುವಾರ ಬೆಳಿಗ್ಗೇನೇ ಮಾತಾಡಿಸ್ತಾರೆ. ಕೆಂಗೇರಿ ತನಕ ಹೋಗಿಬಂದೆ ಕಳೆದ ತಿಂಗಳು, ಬಸ್ಸಲ್ಲಿ.

ಗೌರಿ ಹಬ್ಬಕ್ಕೆ ಚಿಕ್ಕಪ್ಪ ಎಂದಿನ ಹಾಗೆ ಬಾಗಿನದ ದುಡ್ಡು ಕಳಿಸಿದ್ರು. ಪ್ರತಿ ವರ್ಷ ಫೋನೂ ಮಾಡೋರು. ಈ ಸಲ ಮಾಡ್ಲಿಲ್ಲ.

ಹೋಗೋರು ಇಷ್ಟು ನೋಡ್ಕೊಂಡು ಹೋಗಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದ್ರೆ ಆರ್‌ಸಿಐ, ಅಂದ್ರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ನಂಬರ್ ಇರಬೇಕು, ಕೇಳಿ, ಅವರ ವೆಬ್‌ಸೈಟಲ್ಲಿ ಹೆಸರು ಹುಡುಕಿ. ಕೇಳಿದ್ದಕ್ಕೆ ಮುನಿಸ್ಕೊಂಡ್ರೆ ಚಪ್ಪಲಿ ಹಾಕ್ಕೊಂಡು ಬನ್ನಿ. ಹೀಲರ್, ಕೋಚ್ ಅಂತ ಬೋರ್ಡು ಯಾರು ಬೇಕಾದ್ರೂ ಹಾಕ್ಕೊಳ್ತಾರೆ. ಪ್ಯಾಕೇಜ್ ದುಡ್ಡು ಒಟ್ಟಿಗೆ ಕಟ್ಟಬೇಡಿ, ಬಿಲ್ ಇಲ್ಲದೆ ಒಂದು ರೂಪಾಯಿ ಕೊಡಬೇಡಿ. ಅವರೇ ಉತ್ತರ ತುಂಬಿ ಪ್ರಶ್ನೆ ಕೇಳ್ತಿದ್ರೆ ಕಣ್ಣು ಬಿಟ್ಟು ಎದ್ದುಬಿಡಿ. ಎಲ್ಲಿಗೆ ಹೋಗೋದು ಅಂತಾನೇ ತೋಚದಿದ್ರೆ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಪುಕ್ಕಟೆ, ಕನ್ನಡದಲ್ಲೇ ಮಾತಾಡ್ತಾರೆ, ರಾತ್ರಿ ಮೂರು ಗಂಟೆಗೂ. ನನಗೆ ಆಗ ಗೊತ್ತಿರ್ಲಿಲ್ಲ.

ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೀನಿ, ಈಗ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹಾಕ್ತಿದ್ದೀನಿ. ಐದು ಲಕ್ಷದ ತನಕ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು. ಒಬ್ಬಳೇ ಹೋದ್ರೆ "ಇವಳ ತಲೆ ಸರಿಯಿಲ್ಲ" ಅಂತಾರೆ. ಬೇಕರಿ ಮೇಲಿನ ಮಹಡಿ, ಹತ್ತು ಮೆಟ್ಟಿಲು, ಕತ್ತಲೆ ಇದೆಯಾ ಅನ್ನೋ ಪ್ರಶ್ನೆ, ಇಷ್ಟು ಓದಿ ನಿಮಗೆ ಯಾರ ನೆನಪಾದ್ರೂ ಬಂದ್ರೆ ನನಗೆ ಬರೀರಿ. ನಿಮಗೂ ಒಂದು ಅಟ್ಟ ಸಿಕ್ಕಿತ್ತಾ?