ಅಂಗಾಲಿನ ಒತ್ತಡ ಅಳೆಯಲು ಯಾವ ಒಳಅಟ್ಟೆ?

ಮಧುಮೇಹದಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗೆ ಶೂ ಎಲ್ಲಿ ಒತ್ತುತ್ತಿದೆ ಎಂದು ಗೊತ್ತೇ ಆಗುವುದಿಲ್ಲ. ಬರಿಗಾಲಲ್ಲಿ ತುಳಿದು ನಡೆಯುವ ಒತ್ತಡದ ಹಲಗೆ ಅಂಗಾಲಿನ ಕಥೆ ಹೇಳುತ್ತದೆಯೇ ಹೊರತು ಶೂವಿನದಲ್ಲ. ಆದ್ದರಿಂದ ಪಾದರಕ್ಷೆ ತಯಾರಿಸುವ ಚಿಕಿತ್ಸಾಲಯಕ್ಕೆ ಬೇಕಾದದ್ದು ಶೂವಿನೊಳಗೆ ಹಾಸುವ, ಸಂವೇದಕ (ಸೆನ್ಸರ್) ಇರುವ ಒಳಅಟ್ಟೆಯೇ. ಅದರಲ್ಲಿ ಎರಡು ಬಗೆ ಹೆಚ್ಚು ಬಳಕೆಯಲ್ಲಿವೆ: ಎಫ್-ಸ್ಕ್ಯಾನ್ ಮತ್ತು ಪೆಡಾರ್.

ಎಫ್-ಸ್ಕ್ಯಾನ್‌ನದು ರೋಧಕ ಸಂವೇದಕ: ಒತ್ತಿದಾಗ ವಿದ್ಯುತ್ ರೋಧ ಕಡಿಮೆಯಾಗುತ್ತದೆ. ಹಾಳೆಯಷ್ಟು ತೆಳುವಾದ ಅದನ್ನು ಕತ್ತರಿಯಿಂದ ಪಾದದ ಅಳತೆಗೆ ಕತ್ತರಿಸಿಕೊಳ್ಳಬಹುದು. ಒಂದು ಪಾದಕ್ಕೆ 960ರವರೆಗೆ ಅಳೆಯುವ ಬಿಂದುಗಳಿರುವುದರಿಂದ ಹೆಬ್ಬೆರಳ ಬುಡದ ಚಿಕ್ಕ ಉಬ್ಬೂ ಎದ್ದು ಕಾಣುತ್ತದೆ. ಆದರೆ ಹಿಮ್ಮಡಿಯ ಬಳಿ ಒಂದು ಮಡಿಕೆ ಬಿದ್ದರೂ ಸಾಕು, ಇಲ್ಲದ ಒತ್ತಡ ಪರದೆಯ ಮೇಲೆ ಕೆಂಪಾಗಿ ಮೂಡುತ್ತದೆ. ಬಳಸಿದಂತೆಲ್ಲ ಅಳತೆ ಜಾರುತ್ತದೆ. ಮತ್ತೆ ಮತ್ತೆ ಸರಿಹೊಂದಿಸಬೇಕು.

ಪೆಡಾರ್ ಧಾರಣ ಸಂವೇದಕದ್ದು: ಒತ್ತಿದಾಗ ಒಳಗಿನ ಪದರಗಳು ಹತ್ತಿರವಾಗಿ ವಿದ್ಯುತ್ ಧಾರಣಶಕ್ತಿ ಹೆಚ್ಚುತ್ತದೆ. ಸುಮಾರು 2 ಮಿ.ಮೀ. ದಪ್ಪ, 99 ಸಂವೇದಕಗಳು. ಬಿಗಿ ಶೂವಿನಲ್ಲಿ ಆ ದಪ್ಪ ತೊಡಕೇ. ಒಂದೊಂದು ಅಳತೆಯ ಪಾದಕ್ಕೂ ಬೇರೆ ಜೋಡಿ ಕೊಳ್ಳಬೇಕು. ಆದರೂ ಇಂದಿನ ಅಳತೆಯನ್ನು ಮುಂದಿನ ತಿಂಗಳ ಅಳತೆಯ ಪಕ್ಕ ಇಟ್ಟು ನೋಡಬಹುದಾದ ಭರವಸೆ ಇದರಲ್ಲೇ ಹೆಚ್ಚು.

ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ. ಮಾಸಿದ ಹುಣ್ಣಿನ ಜಾಗದಲ್ಲಿ ನಡಿಗೆಯ ಗರಿಷ್ಠ ಒತ್ತಡವನ್ನು 200 ಕಿಲೋಪ್ಯಾಸ್ಕಲ್‌ಗಿಂತ ಕೆಳಗಿಳಿಸುವುದು ಮಧುಮೇಹಿಗಳ ಪಾದದ ಆರೈಕೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯ ಗುರಿ, ಇಲ್ಲವೇ ಕನಿಷ್ಠ 30% ತಗ್ಗಿಸಬೇಕು. ಇಂಥ ಗೆರೆಯ ಆಚೆಗೋ ಈಚೆಗೋ ಎಂದು ತೀರ್ಮಾನಿಸುವಾಗ ಬಿಂದುಗಳ ಸಂಖ್ಯೆಗಿಂತ ಅಳತೆಯ ಸ್ಥಿರತೆ ಮುಖ್ಯ. ಯಾವುದನ್ನೇ ಕೊಂಡರೂ, ರೋಗಿ ದಿನವೂ ತೊಡುವ ಶೂವಿನಲ್ಲೇ, ಅದೇ ಕಾಲುಚೀಲದಲ್ಲೇ ಅಳೆಯಿರಿ.