ನಿಮ್ ಬಳಸಿ ನೋಡಿದೆ: ಭಾಷೆಗೆ ಪೂರ್ತಿ ಮಾರ್ಕ್ಸ್, ಬಾಗಿಲಿಗೆ ಅರ್ಧ

ಪೈಥಾನ್ ಬರೆಯುವವರಿಗೆ ನಿಮ್ (Nim) ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಕೋಡ್ ತೋರಿಸಿದರೆ ಮೊದಲು ಅದೂ ಪೈಥಾನೇ ಅಂದುಕೊಳ್ಳುತ್ತಾರೆ. ಸಾಲಿನ ಮೊದಲು ಜಾಗ ಬಿಡುವ ಅದೇ ಇಂಡೆಂಟೇಶನ್, ಹೆಚ್ಚುಕಮ್ಮಿ ಅಷ್ಟೇ ಸಲೀಸಾಗಿ ಓದಿಸಿಕೊಂಡು ಹೋಗುತ್ತದೆ. ಒಳಗೆ ನಡೆಯುವುದೇ ಬೇರೆ. ನೀವು ಬರೆದದ್ದು ಮೊದಲು ಸಿ ಭಾಷೆಗೆ ಬದಲಾಗಿ, ಅಲ್ಲಿಂದ ಜಿಸಿಸಿ ಅಥವಾ ಕ್ಲ್ಯಾಂಗ್ ಅನ್ನುವ ಕಂಪೈಲರ್ (ಕೋಡನ್ನು ಮಷೀನಿನ ಭಾಷೆಗೆ ತಿರುಗಿಸುವ ಸಾಫ್ಟ್‌ವೇರ್) ಕೈಗೆ ಹೋಗಿ, ಕೊನೆಗೆ ನೇರ ಓಡುವ ಒಂದೇ ಒಂದು ಫೈಲ್ ಆಗಿ ಹೊರಗೆ ಬರುತ್ತದೆ. ಆ ಫೈಲನ್ನು ಅದೇ ಥರದ ಇನ್ನೊಂದು ಮಷೀನಿಗೆ ಕಾಪಿ ಮಾಡಿದರೆ ಸಾಮಾನ್ಯವಾಗಿ ಸಾಕು, ಅಲ್ಲಿ ನಿಮ್ ಇರಬೇಕಾಗಿಲ್ಲ. ಪೈಥಾನ್ ಸ್ಕ್ರಿಪ್ಟನ್ನು ಬೇರೆಯವರ ಲ್ಯಾಪ್‌ಟಾಪಿನಲ್ಲಿ ಓಡಿಸಲು ಒದ್ದಾಡಿದವರಿಗೆ ಇದರ ಬೆಲೆ ಗೊತ್ತಿರುತ್ತದೆ.

ನಾನು ಇದನ್ನು ಬಳಸಿದ್ದು ದೊಡ್ಡ ದೊಡ್ಡ ಕನ್ನಡ ಟೆಕ್ಸ್ಟ್ ಫೈಲುಗಳಿಂದ ಪದ ಹೆಕ್ಕಿ ಎಣಿಸುವುದಕ್ಕೆ. ವೇಗದ ಬಗ್ಗೆ ದೂರೇ ಇಲ್ಲ. ವೇರಿಯಬಲ್, ಫಂಕ್ಷನ್‌ಗಳಿಗೆ ಕನ್ನಡ ಲಿಪಿಯಲ್ಲೇ ಹೆಸರಿಟ್ಟರೂ ಕಂಪೈಲರ್ ತಕರಾರು ಮಾಡುವುದಿಲ್ಲ. ಒಂದು ಕಡೆ ಮಾತ್ರ ಹುಷಾರು: ‘ಕನ್ನಡ’ ಅನ್ನುವುದರ ಉದ್ದ ಕೇಳಿದರೆ ಪೈಥಾನ್ 5 ಅನ್ನುತ್ತದೆ, ನಿಮ್ 15 ಅನ್ನುತ್ತದೆ, ಯಾಕಂದರೆ ಅದು ಎಣಿಸುವುದು ಬೈಟ್‌ಗಳನ್ನು, ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಲಿಪಿಯ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಯೂನಿಕೋಡ್ ಮಾಡ್ಯೂಲ್ ಇಂಪೋರ್ಟ್ ಮಾಡಿಕೊಂಡು ಚಿಹ್ನೆ ಎಣಿಸುವ ರೂನ್‌ಲೆನ್ (runeLen) ಕೇಳಿ, 5 ಬರುತ್ತದೆ. ನಾವು ಕಣ್ಣಲ್ಲಿ ನೋಡಿ ಎಣಿಸುವ 3 ಬೇಕಿದ್ದರೆ ಒತ್ತಕ್ಷರದ ಲೆಕ್ಕವನ್ನು ನೀವೇ ಬರೆದುಕೊಳ್ಳಬೇಕು.

ಇಷ್ಟು ಚೆನ್ನಾಗಿದ್ದರೂ ಕೆಲಸದ ಜಾಹೀರಾತುಗಳಲ್ಲಿ ಇದರ ಹೆಸರು ಕಾಣುವುದೇ ಅಪರೂಪ. ಹೊಸದು ಅಂತಲೂ ಅಲ್ಲ. ಈ ಭಾಷೆ ಕಟ್ಟಿದ ಆಂಡ್ರೆಯಾಸ್ ರುಂಫ್ ಇದನ್ನು 2008ರಲ್ಲೇ ನಿಮ್ರಾಡ್ ಅನ್ನುವ ಹೆಸರಿನಲ್ಲಿ ಹೊರಗೆ ಬಿಟ್ಟಿದ್ದರು. 1.0 ಆವೃತ್ತಿ ಬಂದಿದ್ದು 2019ರಲ್ಲಿ. ಅಷ್ಟು ಹೊತ್ತಿಗೆ ಗೋ ಭಾಷೆಯ 1.0 ಬಂದು 7 ವರ್ಷ, ರಸ್ಟ್‌ನದು ಬಂದು 4 ವರ್ಷ ಆಗಿತ್ತು. ಗೋ ಹಿಂದೆ ಗೂಗಲ್ ಇತ್ತು, ರಸ್ಟ್ ಹಿಂದೆ ಮೊಜಿಲ್ಲಾ. ನಿಮ್ ನಡೆದಿದ್ದು ಹೆಚ್ಚಾಗಿ ಸ್ವಯಂಸೇವಕರಿಂದ, ದೇಣಿಗೆಯಿಂದ. ಎದ್ದು ಕಾಣುವಂಥ ಬಳಕೆದಾರ ಅಂದರೆ ಸ್ಟೇಟಸ್ ಕಂಪನಿ, ಅವರ ನಿಂಬಸ್ ಅನ್ನುವ ಇಥೀರಿಯಂ ಬ್ಲಾಕ್‌ಚೈನ್ ಸಾಫ್ಟ್‌ವೇರ್ ನಿಮ್‌ನಲ್ಲೇ ಇದೆ. ಇನ್ನು ನೆಟ್‌ನಲ್ಲಿ ಸುಮ್ನೆ ನಿಮ್ ಅಂತ ಹುಡುಕಿದರೆ ಎನ್‌ವಿಡಿಯಾದವರ ಅದೇ ಹೆಸರಿನ ಎಐ ಸರಕೂ ಬರುತ್ತದೆ, ಕಡ್ಡಿ ಎತ್ತುವ ಹಳೇ ಆಟವೂ ಬರುತ್ತದೆ!

ದುಡ್ಡಿಲ್ಲ, ಪ್ರಚಾರ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದು ಅರ್ಧ ಕಾರಣ ಅನ್ನಿಸುತ್ತದೆ. ಜನ ಭಾಷೆ ಕಲಿಯಬೇಕು ಅಂತ ಭಾಷೆಗೆ ಬರುವುದಿಲ್ಲ, ಏನೋ ಒಂದು ಕೆಲಸ ಆಗಬೇಕು ಅಂತ ಬರುತ್ತಾರೆ. ರೂಬಿ ಭಾಷೆಯನ್ನು ಜಪಾನಿನ ಆಚೆ ಊರೂರಿಗೆ ಒಯ್ದಿದ್ದು ವೆಬ್‌ಸೈಟ್ ಕಟ್ಟುವ 2004ರ ರೈಲ್ಸ್. ಜಿಗ್ (Zig) ಅನ್ನುವ ಭಾಷೆ ನೋಡಿ, ಅದೂ ಚಿಕ್ಕ ತಂಡವೇ, ಇನ್ನೂ 1.0 ಕೂಡ ಆಗದೆಯೇ ಹೆಸರು ಮಾಡಿತು. ಜಿಗ್ ಇನ್‌ಸ್ಟಾಲ್ ಮಾಡಿದರೆ ಜೊತೆಗೇ ಒಂದು ಸಿ ಕಂಪೈಲರ್ ಸಿಗುತ್ತದೆ, ಲಿನಕ್ಸ್‌ನಲ್ಲಿ ಕೂತು ವಿಂಡೋಸ್‌ಗೆ ಬೇಕಾದ ಫೈಲ್ ಮಾಡಬಹುದು. ಜಿಗ್‌ನಲ್ಲಿ ಒಂದು ಸಾಲೂ ಬರೆಯದವರು ಇದಕ್ಕೋಸ್ಕರ ಅದನ್ನು ಇಟ್ಟುಕೊಂಡರು, ಊಬರ್‌ನಂಥ ಕಂಪನಿಯೂ ಬಳಸಿತು. ತಮಾಷೆ ಅಂದರೆ ನಿಮ್ ಬರೆಯುವವರಲ್ಲೂ ಕೆಲವರು ಇದಕ್ಕೆ ಜಿಗ್ ಇಟ್ಟುಕೊಂಡಿರುತ್ತಾರೆ.

ನಿಮ್‌ಗೆ ಜನ ಒಳಗೆ ಬರುವ ಅಂಥ ಬಾಗಿಲು ಇಲ್ಲವೇ? ಇದೆ, ಆದರೆ ಹಿತ್ತಲಲ್ಲಿದೆ. ನಿಮ್‌ಪೈ ಅಂತ ಒಂದು ಲೈಬ್ರರಿ. ಪೈಥಾನ್ ಪ್ರೋಗ್ರಾಮಿನಲ್ಲಿ ನಿಧಾನವಾಗಿರುವ ಆ ಒಂದು ಫಂಕ್ಷನ್ ಮಾತ್ರ ನಿಮ್‌ನಲ್ಲಿ ಬರೆದು, ಮಾಮೂಲಿ ಮಾಡ್ಯೂಲಿನ ಹಾಗೆ ಪೈಥಾನ್‌ಗೆ ಇಂಪೋರ್ಟ್ ಮಾಡಿಕೊಳ್ಳಬಹುದು. ಉಳಿದ ಕೋಡ್ ಮುಟ್ಟಬೇಕಾಗಿಲ್ಲ, ಬಾಸ್ ಒಪ್ಪಿಗೆಯೂ ಬೇಕಾಗಲಿಕ್ಕಿಲ್ಲ. ನನ್ನ ಪದ ಎಣಿಕೆಯ ಕೆಲಸ ಶುರುವಾಗಿದ್ದು ಹೀಗೇ. ಪೈಥಾನ್ ಬಳಸುವವರು ಲೆಕ್ಕವಿಲ್ಲದಷ್ಟು ಜನ ಇರುವಾಗ ಇದನ್ನು ಮೊದಲ ಪುಟದಲ್ಲಿ, ದೊಡ್ಡ ಅಕ್ಷರದಲ್ಲಿ, ಮೊದಲ ಪಾಠವಾಗಿ ಇಡಬೇಕಲ್ವಾ? ಅದು ಬಿಟ್ಟು ಮ್ಯಾಕ್ರೋ, ಮೆಟಾಪ್ರೋಗ್ರಾಮಿಂಗ್ ಅಂತ ಹೊಗಳಿಕೊಂಡರೆ ಹೊಸಬರಿಗೆ ತಲೆ ಬುಡ ತಿಳಿಯುವುದಿಲ್ಲ.

ಇನ್ನೊಂದು ನಿಜವಾದ ಕಿರಿಕಿರಿ ವಿಂಡೋಸ್‌ನಲ್ಲಿ. ನಾನು ಕಂಪೈಲ್ ಮಾಡಿದ ಫೈಲನ್ನು ಆಂಟಿವೈರಸ್ ವೈರಸ್ ಅಂತ ಎತ್ತಿ ಆಚೆ ಇಟ್ಟಿತು. ಇದರಲ್ಲಿ ಭಾಷೆಯ ತಪ್ಪಿಲ್ಲ. ಕಳ್ಳ ಸಾಫ್ಟ್‌ವೇರ್ ಬರೆಯುವವರಿಗೂ ನಿಮ್ ಇಷ್ಟವಾಗಿಬಿಟ್ಟಿದೆ, 2021ರಲ್ಲಿ ನಿಮ್ಜಾಲೋಡರ್ ಅನ್ನುವುದು ಸುದ್ದಿಯಾಗಿತ್ತು. ಆ ಜಾತಿಯ ಫೈಲ್ ಕಂಡರೆ ಸ್ಕ್ಯಾನರ್‌ಗಳಿಗೆ ಅನುಮಾನ. ಆದರೆ ಮೊದಲ ದಿನವೇ ಕೆಂಪು ಎಚ್ಚರಿಕೆ ನೋಡಿದ ಕಾಲೇಜು ಹುಡುಗರು ಈ ಕಥೆಯೆಲ್ಲ ಕೇಳುತ್ತಾ ಕೂರುತ್ತಾರಾ? ವಾಪಸ್ ಹೋಗುತ್ತಾರೆ, ಅಷ್ಟೇ.

ಹೆಸರುಗಳ ಮಧ್ಯದ ಅಂಡರ್‌ಸ್ಕೋರನ್ನೂ, ಮೊದಲ ಅಕ್ಷರ ಬಿಟ್ಟು ಉಳಿದವುಗಳ ದೊಡ್ಡ-ಚಿಕ್ಕ ವ್ಯತ್ಯಾಸವನ್ನೂ ನಿಮ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಅಂತ ಜಗಳ ಆಡುವವರಿದ್ದಾರೆ. ಒಂದು ವಾರದಲ್ಲಿ ಮರೆತುಹೋಗುತ್ತದೆ ಬಿಡಿ. ನನಗೆ ಜಾಸ್ತಿ ಚಿಂತೆ ಇರುವುದು ಪ್ಯಾಕೇಜುಗಳದ್ದು, ಅಂದರೆ ಬೇರೆಯವರು ಬರೆದಿಟ್ಟ ಲೈಬ್ರರಿಗಳದ್ದು. ಹುಡುಕಿದರೆ ಸಿಗುತ್ತವೆ, ತೆರೆದು ನೋಡಿದರೆ ಬರೆದವರು ಕೈಬಿಟ್ಟು ವರ್ಷಗಳಾಗಿರುತ್ತವೆ. 2023ರ 2.0 ಆವೃತ್ತಿ ಮೆಮೊರಿ ನಿರ್ವಹಣೆಯನ್ನು ಚೆನ್ನಾಗಿ ಸರಿ ಮಾಡಿತು, ಈಗ ರುಂಫ್ ನಿಮೋನಿ ಅಂತ ಹೊಸ ಕಂಪೈಲರ್ ಕಟ್ಟುತ್ತಿದ್ದಾರೆ. ಒಳ್ಳೆಯದೇ. ಆದರೆ ಹೊಸ ಕಂಪೈಲರ್‌ಗಿಂತ ಮೊದಲು ಇರುವ ಹತ್ತಿಪ್ಪತ್ತು ಮುಖ್ಯ ಲೈಬ್ರರಿಗಳನ್ನು ಯಾರಾದರೂ ದತ್ತು ತೆಗೆದುಕೊಂಡರೆ ಜನ ಬಂದವರು ನಿಲ್ಲುತ್ತಾರೆ.

ಕೆಲಸ ಹುಡುಕುತ್ತಿರುವವರು ಇದನ್ನು ಮೊದಲ ಭಾಷೆಯಾಗಿ ಕಲಿಯುವುದು ಬೇಡ. ಪೈಥಾನ್ ಗೊತ್ತಿದ್ದು ಸ್ಪೀಡ್ ಸಾಲದೆ ಒದ್ದಾಡುತ್ತಿರುವವರು ನೇರ ನಿಮ್‌ಪೈಯಿಂದಲೇ ಶುರು ಮಾಡಿ. ವಿಂಡೋಸ್ ಇದ್ದರೆ ಡಬ್ಲ್ಯೂಎಸ್ಎಲ್ (ವಿಂಡೋಸ್‌ನಲ್ಲೇ ಲಿನಕ್ಸ್ ಓಡಿಸುವ ಸೌಲಭ್ಯ) ಒಳಗೆ ಹಾಕಿಕೊಳ್ಳಿ, ಆಂಟಿವೈರಸ್ ಕಾಟ ಬಹಳ ಮಟ್ಟಿಗೆ ತಪ್ಪುತ್ತದೆ. ನನ್ನಿಂದ 5ಕ್ಕೆ ಮೂರೂವರೆ ಸ್ಟಾರ್.