ಶವಾಗಾರದಲ್ಲಿ ಓಪಿಯಾಯ್ಡ್ ಹುಡುಕಲು ಯಾವ ಸ್ಯಾಂಪಲ್: ರಕ್ತವೋ, ಮೂತ್ರವೋ, ಕಣ್ಣಿನ ದ್ರವವೋ?

ಮೊದಲೇ ಹೇಳಿಬಿಡುತ್ತೇನೆ, ಹೆರಾಯಿನ್, ಮಾರ್ಫಿನ್ ಥರದ ಓಪಿಯಾಯ್ಡ್ ಹುಡುಕಲು ನನ್ನ ಒಲವು ಕಣ್ಣಿನ ದ್ರವದ ಕಡೆಗೆ, ಅಂದರೆ ಕಣ್ಣುಗುಡ್ಡೆಯೊಳಗೆ ತುಂಬಿರುವ ಲೋಳೆಯ (ವಿಟ್ರಿಯಸ್) ಕಡೆಗೆ. ಬಳ್ಳಾರಿ ಬೇಸಿಗೆಯಲ್ಲಿ ಪೋಸ್ಟ್‌ಮಾರ್ಟಂ ಮಾಡುವವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ. ಬಿಸಿಲು 40 ಡಿಗ್ರಿ ದಾಟಿದ ದಿನಗಳಲ್ಲಿ ಕಾಲುವೆಯಲ್ಲೋ, ಗಣಿ ರಸ್ತೆಯ ಪಕ್ಕದಲ್ಲೋ ಸಿಕ್ಕ ಶವ ನಮ್ಮ ಟೇಬಲ್‌ಗೆ ಬರುವಷ್ಟರಲ್ಲಿ ಹೊಟ್ಟೆ ಉಬ್ಬಿರುತ್ತದೆ, ರಕ್ತ ಕೆಟ್ಟಿರುತ್ತದೆ. ಕಣ್ಣುಗುಡ್ಡೆಯ ಒಳಗಿನದು ಮಾತ್ರ ಇನ್ನಷ್ಟು ಹೊತ್ತು ತಡೆಯುತ್ತದೆ. ಅಲ್ಲಿ ರಕ್ತನಾಳ ಇಲ್ಲ, ಸುತ್ತ ಗಟ್ಟಿ ಪದರ ಇದೆ, ಕರುಳಿನ ಬ್ಯಾಕ್ಟೀರಿಯಾಗಳಿಗೂ ಅದು ದೂರ.

ನನ್ನನ್ನು ಈ ಕಡೆ ತಿರುಗಿಸಿದ್ದು ಒಂದು ಲ್ಯಾಬ್ ವರದಿ. ಹರೆಯದ ಹುಡುಗ, ತೋಳಿನಲ್ಲಿ ಸೂಜಿ ಗುರುತು. ರೂಢಿಯಂತೆ ಹೃದಯದ ರಕ್ತ, ಜೊತೆಗೆ ಉಪ್ಪುನೀರಿನಲ್ಲಿಟ್ಟ ಜಠರ, ಲಿವರ್, ಕಿಡ್ನಿ ತುಂಡುಗಳು ಹೋಗಿದ್ದವು. ಬಂದದ್ದು ಒಂದೇ ಸಾಲು: ಮಾರ್ಫಿನ್ ಇದೆ. ಎಸ್ಐ ಕೇಳಿದರು, ‘ಸರ್, ಇದು ಹೆರಾಯಿನ್ನಾ, ಕೆಮ್ಮಿನ ಸಿರಪ್ಪಾ?’ ನ್ಯಾಯವಾದ ಪ್ರಶ್ನೆಯೇ. ಆದರೆ ಹೆರಾಯಿನ್ ಮೈಯೊಳಗೆ ಮಾರ್ಫಿನ್ ಆಗುತ್ತದೆ, ಸಿರಪ್ಪಿನ ಕೊಡೀನ್ ಕೂಡ ಒಂದಷ್ಟು ಮಾರ್ಫಿನ್ ಆಗುತ್ತದೆ. ಆ ಒಂದು ಸಾಲು ಹಿಡಿದು ಏನು ಹೇಳುವುದು?

ಹೆರಾಯಿನ್ ಅಂತ ಕೈತೋರಿಸಿ ಹೇಳುವುದು, ಹೆರಾಯಿನ್ ಮಾರ್ಫಿನ್ ಆಗುವ ದಾರಿಯಲ್ಲಿ ನಡುವೆ ಹುಟ್ಟುವ 6-ಮೊನೊಅಸಿಟೈಲ್‌ಮಾರ್ಫಿನ್. ರಕ್ತದಲ್ಲಿ ಅದು ನಿಮಿಷಗಳ ಲೆಕ್ಕದಲ್ಲಿ ಕರಗುತ್ತದೆ. ಎಸ್ಟರೇಸ್ ಎಂಬ ಕಿಣ್ವಗಳು ಅದನ್ನು ಒಡೆದು ಮಾರ್ಫಿನ್ ಮಾಡಿಬಿಡುತ್ತವೆ. ಕಣ್ಣಿನ ದ್ರವದಲ್ಲಿ ಈ ಕಿಣ್ವದ ಆಟ ಬಹಳ ಕಡಿಮೆ. ಹಾಗಾಗಿ ರಕ್ತದಲ್ಲಿ ಮಾಯವಾದದ್ದು ಕಣ್ಣಿನಲ್ಲಿ ಉಳಿದಿರುವುದುಂಟು. ಮುಂದೆ ಅಂಥದೇ ಇನ್ನೊಂದು ಕೇಸಿನಲ್ಲಿ ರಕ್ತದಲ್ಲಿ ಬರೀ ಮಾರ್ಫಿನ್ ಬಂತು, ಕಣ್ಣಿನಲ್ಲಿ ಎರಡೂ ಬಂದವು. ಯಾರೂ ಮತ್ತೆ ಫೋನ್ ಮಾಡಲಿಲ್ಲ.

ಹೃದಯದ ರಕ್ತ ಸುಲಭವಾಗಿ, ಧಾರಾಳವಾಗಿ ಸಿಗುತ್ತದೆ. ನಂಬುವುದು ಕಷ್ಟ. ಸತ್ತ ಮೇಲೆ ಶ್ವಾಸಕೋಶ, ಲಿವರ್‌ಗಳಿಂದ ಔಷಧ ಸೋರಿ ಅಲ್ಲಿಗೆ ಸೇರುತ್ತದೆ. ಫೆಂಟನಿಲ್‌ನಂಥ ಕೊಬ್ಬಿನಲ್ಲಿ ಕರಗುವ ಔಷಧವಾದರೆ ಸಂಖ್ಯೆ ಸುಮ್ನೆ ಏರಿರುತ್ತದೆ. ತೊಡೆಯ ರಕ್ತ ಇದಕ್ಕಿಂತ ಎಷ್ಟೋ ವಾಸಿ.

ಮೂತ್ರ: ಮೂತ್ರಕೋಶದಲ್ಲಿ ಇದ್ದರೆ ತೆಗೆದುಕೊಳ್ಳಿ. ಸತ್ತವರು ಔಷಧ ತೆಗೆದುಕೊಂಡಿದ್ದರು ಅನ್ನುವುದು ಅದರಿಂದ ಗೊತ್ತಾಗುತ್ತದೆ, ಆ ಔಷಧದಿಂದಲೇ ಸತ್ತರಾ ಅನ್ನುವುದು ಗೊತ್ತಾಗುವುದಿಲ್ಲ. ಮೂತ್ರ ಪರೀಕ್ಷೆಯ ಮಾಮೂಲಿ ಓಪಿಯೇಟ್ ಸ್ಟ್ರಿಪ್ ಟ್ರಮಡಾಲ್ ಹಿಡಿಯುವುದಿಲ್ಲ. 2018ರಿಂದ ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆಯಡಿ ಬಂದ ನೋವಿನ ಮಾತ್ರೆ ಅದು. ರಾಯಚೂರು ಕಡೆ ಸೇಂದಿಗೆ ಬೆರೆಸುವ ಸಿಎಚ್ ಪೌಡರ್ ಕೂಡ ಇದರಲ್ಲಿ ಸಿಗಲ್ಲ. ಅದು ಕ್ಲೋರಲ್ ಹೈಡ್ರೇಟ್, ಓಪಿಯಾಯ್ಡೇ ಅಲ್ಲ. ಸ್ಟ್ರಿಪ್ ನೆಗೆಟಿವ್ ಅಂತ ಫೈಲ್ ಮುಚ್ಚಬೇಡಿ.

ಈಗ ತಲೆನೋವಿನ ವಿಷಯ. ಕಣ್ಣಿನ ದ್ರವ ನೀರಿನಂತೆ ಸಲೀಸಾಗಿ ಬರುವುದಿಲ್ಲ. ನೂರಕ್ಕೆ 99 ಪಾಲು ನೀರೇ. ಆದರೆ ಉಳಿದಿದ್ದರಲ್ಲಿರುವ ಕೊಲಾಜೆನ್, ಹಯಲುರಾನಿಕ್ ಆಮ್ಲ ಸೇರಿ ಅದನ್ನು ಲೋಳೆಸರದ ತಿರುಳಿನ ಹಾಗೆ ಮಾಡಿಟ್ಟಿವೆ. ವಯಸ್ಸಾದವರಲ್ಲಿ ತೆಳುವಾಗಿರುತ್ತದೆ, ಹರೆಯದವರಲ್ಲಿ ಗಟ್ಟಿ. ನನ್ನ ಟೇಬಲ್‌ಗೆ ಬರುವ ಓಪಿಯಾಯ್ಡ್ ಕೇಸುಗಳೋ ಹೆಚ್ಚಾಗಿ ಹರೆಯದವರವೇ!

ಇನ್ಸುಲಿನ್ ಸೂಜಿಯಂಥ ಸಣ್ಣ ಸೂಜಿ ಇಲ್ಲಿ ದಂಡ. 18 ಅಥವಾ 20 ಗೇಜ್ ಸೂಜಿ, 5 ಎಂಎಲ್ ಸಿರಿಂಜ್, ಕಣ್ಣಿನ ಹೊರ ಮೂಲೆಯಿಂದ, ನಿಧಾನಕ್ಕೆ. ಬರುತ್ತಿಲ್ಲ ಅಂತ ಪ್ಲಂಜರ್ ಜೋರಾಗಿ ಎಳೆದರೆ ರೆಟಿನಾದ ಚೂರುಗಳು ಕಂದು ಬಣ್ಣದಲ್ಲಿ ಬೆರೆತು ಬರುತ್ತವೆ. ಆಗ ಸತ್ತ ಹೊತ್ತು ಅಂದಾಜು ಮಾಡಲು ನೋಡುವ ಪೊಟ್ಯಾಸಿಯಂ ಲೆಕ್ಕವೂ ಕೆಡುತ್ತದೆ. ಇಷ್ಟೆಲ್ಲ ಮಾಡಿ ಒಂದು ಕಣ್ಣಿನಿಂದ ಸಿಗುವುದು ಸುಮಾರು 2-3 ಎಂಎಲ್.

ಅದು ಲ್ಯಾಬ್ ಮುಟ್ಟಿದ ಮೇಲೂ ಲೋಳೆಯ ಕಾಟ ತಪ್ಪಲ್ಲ. ‘ಸರ್, ಇದು ಜೆಲ್ಲಿ ಆಗಿದೆ, ಪಿಪೆಟ್‌ನಲ್ಲಿ ಅಳತೆ ಕೂರ್ತಿಲ್ಲ’ ಅಂತ ಒಮ್ಮೆ ಫೋನ್ ಬಂತು. ಅಳತೆ ತಪ್ಪಿದರೆ ಸಂಖ್ಯೆಯೂ ತಪ್ಪಿದ ಹಾಗೆ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಮೇಲಿನದನ್ನು ತೆಗೆದುಕೊಳ್ಳಬಹುದು, ಇಲ್ಲವೇ ಹಯಲುರೊನಿಡೇಸ್ ಕಿಣ್ವ ಹಾಕಿ ತೆಳು ಮಾಡಬಹುದು. ರಕ್ತಕ್ಕೆ ಒಗ್ಗಿದ ಕೈಗಳಿಗೆ ಇದು ಹೆಚ್ಚುವರಿ ಕೆಲಸ, ಗೊಣಗುತ್ತಾರೆ. ಈಗ ಕಳಿಸುವ ಮೊದಲೇ ಫೋನ್ ಮಾಡಿ ಹೇಳಿಬಿಡುತ್ತೇನೆ.

ದ್ರವ ತೆಗೆದ ಮೇಲೆ ಅಷ್ಟೇ ಸಲೈನ್ ತುಂಬಿ, ಇಲ್ಲದಿದ್ದರೆ ಕಣ್ಣು ಕುಸಿದು ಮನೆಯವರಿಗೆ ಗಾಬರಿ. ನೇತ್ರದಾನ ಇದ್ದರೆ ಅದೇ ಮೊದಲು. ಕಾರ್ನಿಯಾ ತೆಗೆಯುವ ಮುಂಚೆ ಸೂಜಿ ಹಾಕಬೇಡಿ.

ಇಷ್ಟು ಹೊಗಳಿದ ಮೇಲೂ ಒಂದು ಮಾತು. ಎಷ್ಟು ಔಷಧ ಇತ್ತು ಅನ್ನುವುದಕ್ಕೆ ನಾನು ಕಣ್ಣನ್ನು ಮಾತ್ರ ನೆಚ್ಚುವುದಿಲ್ಲ. ಮಾರ್ಫಿನ್ ರಕ್ತದಿಂದ ಕಣ್ಣಿಗೆ ಇಳಿಯಲು ಹೊತ್ತು ಬೇಕು. ಚುಚ್ಚಿಕೊಂಡ ಕೂಡಲೇ ಸತ್ತರೆ ರಕ್ತದಲ್ಲಿ ಜಾಸ್ತಿ, ಕಣ್ಣಿನಲ್ಲಿ ಕಡಿಮೆ ಇರುತ್ತದೆ. ಅಲ್ಲದೆ ಹೋಲಿಸಿ ನೋಡುವ ಅಂಕಿಗಳು ಹೆಚ್ಚಾಗಿ ರಕ್ತದವೇ.

ಹಾಗಾಗಿ ತೊಡೆಯ ರಕ್ತ, ಕಣ್ಣಿನ ದ್ರವ ಎರಡೂ ಕಳಿಸುತ್ತೇನೆ. ಒಂದೇ ಅಂದರೆ, ಕೊಳೆತ ಶವಕ್ಕೆ ಕಣ್ಣು. ನನಗೆ ಇರುವುದು ಒಬ್ಬ ಸಹಾಯಕ, ಕರೆಂಟ್ ಹೋದರೆ ನಿಲ್ಲುವ ಒಂದು ಫ್ರಿಜ್. ಬೇಕಾದ ಸಿರಿಂಜ್, ಸ್ಯಾಂಪಲ್ ಕೆಡದಂತೆ ಸೋಡಿಯಂ ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬ್ ವಾರ್ಡಿನಲ್ಲೇ ಸಿಗುತ್ತವೆ, ಹೊಸ ಖರ್ಚಿಲ್ಲ. ಎರಡು ಕಣ್ಣಿನದನ್ನು ಬೇರೆ ಬೇರೆ ಟ್ಯೂಬಿಗೆ ಹಾಕಿ, ಎಡ, ಬಲ ಅಂತ ಬರೆಯಿರಿ. ವಿನಂತಿ ಪತ್ರದಲ್ಲಿ ‘6-ಮೊನೊಅಸಿಟೈಲ್‌ಮಾರ್ಫಿನ್ ನೋಡಿ’ ಅಂತ ಹೆಸರು ಹಿಡಿದೇ ಕೇಳಿ. ಕೇಳದಿದ್ದರೆ ಮತ್ತೆ ‘ಮಾರ್ಫಿನ್ ಇದೆ’ ಅಂತಲೇ ಬರಬಹುದು.